ಮದ್ದಣ್ಣನ ಟ್ಯಾಂಕಿಗೆ ಯಾರು ಬರಬಹುದು?

ಅಂಗಡಿಯವರು ಪ್ಲಾಸ್ಟಿಕ್ ಕವರಿನ ಮೇಲೆ ಮಾರ್ಕರ್‌ನಲ್ಲಿ ‘ಬೆಟ್ಟ’ ಅಂತ ಬರೆದು ಕೊಟ್ಟಿದ್ದರು. ಅಮ್ಮ ಅದನ್ನು ಓದಿ, “ಬೆಟ್ಟದ ಮೀನಾ? ಹಾಗಾದ್ರೆ ನಮ್ಮ ಮಡಿಕೇರಿ ಚಳಿ ಇದಕ್ಕೆ ಲೆಕ್ಕಕ್ಕೇ ಇಲ್ಲ ಬಿಡು” ಅಂದರು. ಆವತ್ತು ನಾನೂ ನಕ್ಕೆ. ಆಮೇಲಿನ ಐದು ತಿಂಗಳ ಒದ್ದಾಟ ಶುರುವಾಗಿದ್ದು ಅಲ್ಲಿಂದಲೇ.

ಮೇ ಕೊನೆಯ ವಾರ ಮೈಸೂರಿಗೆ ಹೋದಾಗ ಮಗಳು ಹಟ ಮಾಡಿ ತಂದ ಮೀನು. ಅರ್ಧ ಲೀಟರಿನ ಗಾಜಿನ ಬಟ್ಟಲು, ಅದರೊಳಗೆ ಉದ್ದ ರೆಕ್ಕೆಯ ಒಂದು ಗಂಡು. ಬಣ್ಣ ಕಡು ನೇರಳೆ. ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪು ಬೇಯಿಸಿ ಮಾಡುವ ಮದ್ದು ಪಾಯಸ ನೋಡಿದ್ದೀರಲ್ವಾ, ಅದೇ ಬಣ್ಣ. ಹಾಗಾಗಿ ಹೆಸರು ಮದ್ದಣ್ಣ.

ಬೆಟ್ಟಾ ಮೀನಿಗೂ ಬೆಟ್ಟಕ್ಕೂ ಸಂಬಂಧವೇ ಇಲ್ಲ. ಥಾಯ್ಲೆಂಡಿನ ತಗ್ಗು ಪ್ರದೇಶದ ಗದ್ದೆ, ಜೌಗು, ನಿಂತ ನೀರಿನ ಕಾಲುವೆ ಇದರ ತವರು. ಅಲ್ಲಿಯವರು ಇದನ್ನು ‘ಪ್ಲಾ ಕಾಟ್’ ಅನ್ನುತ್ತಾರೆ, ಕಚ್ಚುವ ಮೀನು ಅಂತ ಅರ್ಥ. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತಲೇ ಘೋಷಿಸಿತು. ಇದಕ್ಕೆ ಬೇಕಾದ ನೀರು 25ರಿಂದ 28 ಡಿಗ್ರಿ. ನಮ್ಮ ಮನೆ ಇರುವುದು 1,100 ಮೀಟರಿಗೂ ಮೇಲೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಟ್ಟಲಿಗೆ ಥರ್ಮಾಮೀಟರ್ ಇಟ್ಟರೆ 20 ತೋರಿಸಿತು. ಮದ್ದಣ್ಣ ರೆಕ್ಕೆ ಮಡಚಿಕೊಂಡು ತಳದಲ್ಲಿ ಬಿದ್ದಿದ್ದ. ಉಸಿರಿಗೆ ಮಾತ್ರ ಮೇಲೆ ಬಂದು, ಒಂದು ಗುಟುಕು ಗಾಳಿ ನುಂಗಿ, ಮತ್ತೆ ಕೆಳಗೆ.

ಮಗಳ ತೀರ್ಮಾನ ಬೇರೆಯೇ ಇತ್ತು. “ಪಾಪ, ಒಬ್ಬನೇ ಇದ್ದಾನೆ. ಬೇಜಾರಾಗಿದೆ. ಫ್ರೆಂಡ್ಸ್ ಬೇಕು.”

ಬೇಜಾರಲ್ಲ ಮಾರಾಯ್ತಿ, ಚಳಿ ಅಂದೆ. ಆದರೆ ಜೊತೆಗಾರರ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಿಜ ಹೇಳಬೇಕಂದ್ರೆ ಬೆಟ್ಟಾ ಗಂಡಿಗೆ ಜೊತೆ ಬೇಕಾಗಿಲ್ಲ. ಒಂದು ಜಾಗ ಹಿಡಿದು ಅದು ತನ್ನದು ಅಂತ ಕಾಯುವ ಜಾತಿ ಅದು. ಬೇಕಾಗಿದ್ದು ನಮಗೆ, ನೋಡೋದಕ್ಕೆ. ಅದನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಿದೆ.

ಜೂನ್ ಮೊದಲ ವಾರ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕ್. ಲೆಕ್ಕಕ್ಕೆ 56 ಲೀಟರ್, ಮರಳು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟ ಮೇಲೆ ನೀರು ಹಿಡಿಯುವುದು ಸುಮಾರು 48. ಒಂಟಿ ಬೆಟ್ಟಾಕ್ಕೆ 20 ಲೀಟರ್ ಸಾಕು, ಆದರೆ ಜೊತೆಗೆ ಗುಂಪು ಬರಬೇಕು ಅಂದರೆ ಇಷ್ಟಾದರೂ ಬೇಕು. ಇಲ್ಲದಿದ್ದರೆ ಓಡಿಸಿಕೊಂಡ ಮೀನಿಗೆ ಓಡಲು ಜಾಗ ಇರಲ್ಲ. ಸ್ಪಂಜ್ ಫಿಲ್ಟರ್ ಹಾಕಿದೆ. ಜೋರಾಗಿ ನೀರು ನೂಕುವ ಫಿಲ್ಟರ್ ಆ ಉದ್ದ ರೆಕ್ಕೆಗೆ ಆಗಿಬರಲ್ಲ, ಗಾಳಿಗೆ ಎದುರಾಗಿ ಛತ್ರಿ ಹಿಡಿದು ನಡೆದ ಹಾಗಾಗುತ್ತದೆ. ಹೀಟರ್ 100 ವ್ಯಾಟ್. ಬಯಲುಸೀಮೆಯವರು ಈ ಅಳತೆಗೆ 50 ಸಾಕು ಅಂತಾರೆ. ನನ್ನ ಲೆಕ್ಕ ಹೀಗೆ: 48 ಲೀಟರನ್ನು 18ರಿಂದ 26ಕ್ಕೆ ಏರಿಸಲು 100 ವ್ಯಾಟ್‌ಗೂ ನಾಲ್ಕೂವರೆ ಗಂಟೆ ಬೇಕು, ಅದೂ ಒಂಚೂರೂ ಶಾಖ ಸೋರದಿದ್ದರೆ. 50 ವ್ಯಾಟಿನದು ಜುಲೈ ರಾತ್ರಿ ಇಡೀ ಉರಿದರೂ ಏದುಸಿರು ಬಿಡುತ್ತಿತ್ತು.

ಹಿಂದೆ, ಎರಡು ಪಕ್ಕ, ಅಡಿಯಲ್ಲಿ ಒಂದಿಂಚು ದಪ್ಪದ ಥರ್ಮಾಕೋಲ್ ಅಂಟಿಸಿದೆ. ಮೇಲೆ ಗಾಜಿನ ಮುಚ್ಚಳ. ಮುಚ್ಚಳ ಇರುವುದು ಮೀನು ಹಾರಿ ಬೀಳದಿರಲಿ ಅಂತ ಮಾತ್ರ ಅಲ್ಲ. ಬೆಟ್ಟಾಕ್ಕೆ ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಇನ್ನೊಂದು ಅಂಗ ತಲೆಯೊಳಗಿದೆ. ಕೆಳಗೆ ನೀರು 26, ಮೇಲಿನ ಗಾಳಿ 17 ಅಂದರೆ ಒಳ್ಳೆಯದಲ್ಲ. ಮುಚ್ಚಳದ ಅಡಿಯಲ್ಲಿ ಬೆಚ್ಚಗಿನ ಒದ್ದೆ ಗಾಳಿ ನಿಲ್ಲಬೇಕು.

ಟ್ಯಾಂಕ್ ಪಕ್ವವಾಗಲು ಐದು ವಾರ ಹಿಡಿಯಿತು. ಮೀನಿನ ಹೇಲಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಮನೆ ಮಾಡಬೇಕು. ಅವಕ್ಕೂ ಚಳಿ ಆಗಲ್ಲ, ಹಾಗಾಗಿ ಖಾಲಿ ಟ್ಯಾಂಕಿಗೇ ಹೀಟರ್ ಉರಿಸಿದೆ. ಅಮ್ಮನ ಪ್ರಕಾರ ಇದು ಮನೆಯಲ್ಲಿ ನಡೆದ ಅತಿ ದೊಡ್ಡ ಹುಚ್ಚು. ಆ ಐದು ವಾರ ಮದ್ದಣ್ಣ ಇದ್ದದ್ದು 15 ಲೀಟರಿನ ಪ್ಲಾಸ್ಟಿಕ್ ಟಬ್ಬಿನಲ್ಲಿ, ಬಚ್ಚಲಿನ ಹಂಡೆ ಒಲೆಯ ಗೋಡೆಗೆ ಒತ್ತಿ, ಆಚೆ ಬದಿಯಲ್ಲಿ. ಹೊಗೆ ಆ ಕಡೆ, ಬೆಚ್ಚಗಿನ ಗೋಡೆ ಈ ಕಡೆ. ಬೆಳಿಗ್ಗೆ ಸಂಜೆ ಒಲೆ ಉರಿದಾಗ ಟಬ್ಬು 25 ಮುಟ್ಟುತ್ತಿತ್ತು. ಹಂಡೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನೀರು ಮನೆಯ ಬಾವಿಯದು. ಟೆಸ್ಟ್ ಕಿಟ್‌ನಲ್ಲಿ ಪಿಎಚ್ 6.4, ಗಡಸುತನ ಇಲ್ಲವೇ ಇಲ್ಲ ಅನ್ನಬಹುದು. ಮೈಸೂರಿನ ಬೋರ್‌ವೆಲ್ ನೀರಿನಲ್ಲಿ ಪಾತ್ರೆಗೆ ಬಿಳಿ ಪದರ ಕಟ್ಟುತ್ತದಲ್ಲ, ನಮ್ಮಲ್ಲಿ ಸೋಪು ತೊಳೆದಷ್ಟೂ ಹೋಗಲ್ಲ. ಅಷ್ಟು ಮೆದು ನೀರು. ಬೆಟ್ಟಾಕ್ಕೆ ಇದು ಪರವಾಗಿಲ್ಲ. ಆದರೆ ಯಾರ ಯಾರ ಜೊತೆ ಇಡಬಹುದು ಅನ್ನುವ ಪಟ್ಟಿ ಇಲ್ಲೇ ಅರ್ಧ ಅಳಿಸಿಹೋಗುತ್ತದೆ. ನಾನು ಅದನ್ನು ತಡವಾಗಿ ತಿಳಿದುಕೊಂಡೆ.

ಜುಲೈ 8. ಮದ್ದಣ್ಣ ಹೊಸ ಮನೆಗೆ. ಎರಡೇ ದಿನಕ್ಕೆ ಮೂಲೆಯಲ್ಲಿ ಎಲೆಯ ಕೆಳಗೆ ನೊರೆಗೂಡು ಕಟ್ಟಿದ. ಗಂಡು ಬೆಟ್ಟಾ ಹೆಣ್ಣು ಇಲ್ಲದಿದ್ದರೂ ಬಾಯಿಂದ ಗುಳ್ಳೆ ಊದಿ ಊದಿ ಗೂಡು ಮಾಡಿಕೊಳ್ಳುತ್ತದೆ. ಮಗಳು ಕೂಡಲೇ, “ಹೆಂಡತಿ ತರೋಣ” ಅಂದಳು. ಬೇಡ. ಮೊಟ್ಟೆ ಇಡುವ ಒಂದೆರಡು ದಿನ ಬಿಟ್ಟರೆ ಗಂಡು ಹೆಣ್ಣನ್ನೂ ಅಟ್ಟಿಸಿಕೊಂಡು ಕಚ್ಚುತ್ತದೆ. ಇನ್ನೊಂದು ಗಂಡು ಅಂದರೆ ಕೇಳುವುದೇ ಬೇಡ.

ಜುಲೈ 11ಕ್ಕೆ ಮೊದಲ ತಪ್ಪು ಮಾಡಿದೆ. ತೋಟದ ಸಿಮೆಂಟ್ ತೊಟ್ಟಿಯಲ್ಲಿ ಗಪ್ಪಿ ಮೀನು ರಾಶಿ ಇವೆ, ಸೊಳ್ಳೆ ಮರಿ ತಿನ್ನಲಿ ಅಂತ ಯಾವತ್ತೋ ಬಿಟ್ಟವು. ದುಡ್ಡು ಕೊಡಬೇಕಾಗಿಲ್ಲ, ಚಳಿ ತಡೆಯುತ್ತವೆ, ಸಣ್ಣವು, ಸಾಧು. ನಾಲ್ಕು ಹಿಡಿದು ತಂದು ಬಿಟ್ಟೆ. ನಾಲ್ಕೂ ಗಂಡು, ಯಾಕಂದರೆ ಗಂಡೇ ಚೆಂದ. ಅಲ್ಲೇ ಎಡವಿದ್ದು. ಗಂಡು ಗಪ್ಪಿಯ ಬಾಲ ಬೀಸಣಿಗೆಯ ಹಾಗೆ, ಬಣ್ಣ ಬಣ್ಣ. ಮದ್ದಣ್ಣನ ಕಣ್ಣಿಗೆ ಅದು ಗಪ್ಪಿ ಅಲ್ಲ, ತನ್ನ ಜಾಗಕ್ಕೆ ಬಂದ ಇನ್ನೊಬ್ಬ ಕುಳ್ಳ ಬೆಟ್ಟಾ.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕಿವಿರಿನ ಮುಚ್ಚಳ ಎರಡೂ ಕಡೆ ಅಗಲಿಸಿ, ಅಡಿಯಿಂದ ಕಪ್ಪು ಗಡ್ಡದಂಥ ಪೊರೆ ಹೊರಗೆ ತಂದು, ಅಡ್ಡಲಾಗಿ ನಿಂತ. ಅಷ್ಟಕ್ಕೇ ನಿಂತಿದ್ದರೆ ಸರಿ ಅನ್ನಬಹುದಿತ್ತು. ಹೊಸಬರು ಬಂದಾಗ ಒಂದೆರಡು ಸಲ ಹೀಗೆ ಎದೆ ಉಬ್ಬಿಸುವುದು ಸಹಜ. ಆದರೆ ಅವನು ಬಿಡಲಿಲ್ಲ. ಒಂದೇ ಗಪ್ಪಿಯನ್ನು ಆರಿಸಿಕೊಂಡು, ಟ್ಯಾಂಕಿನ ಈ ತುದಿಯಿಂದ ಆ ತುದಿಗೆ ಓಡಿಸಿ, ಊಟ ಹಾಕಿದರೂ ತಿರುಗಿ ನೋಡದೆ ಮತ್ತೆ ಅದರ ಬೆನ್ನಿಗೆ ಬಿದ್ದ. ಸಂಜೆಗೆ ಆ ಗಪ್ಪಿಯ ಬಾಲ ಅರ್ಧ ಇರಲಿಲ್ಲ. ನಾಲ್ಕನ್ನೂ ವಾಪಸ್ ತೊಟ್ಟಿಗೆ ಬಿಟ್ಟೆ. ಬಾಲ ಹೋದದ್ದು ಬದುಕಿತು, ಈಗಲೂ ಗುರುತು ಸಿಗುತ್ತದೆ.

ಪಕ್ಕದ ತೋಟದವರು ಬಂದವರು ಟ್ಯಾಂಕ್ ನೋಡಿ, “ತೋಡಿನ ಮೀನು ಹಾಕಿ ಮಾರಾಯ್ರೆ, ಪುಕ್ಕಟೆ” ಅಂದರು. ತೋಡಿನಲ್ಲಿ ಕಲ್ಲಿಗೆ ಅಂಟಿಕೊಂಡು ಹರಿವಿಗೆ ಎದುರು ನಿಲ್ಲುವ ಸಣ್ಣ ಮೀನುಗಳಿವೆ, ನೋಡಲು ಚೆಂದವೇ. ಆದರೆ ಅವಕ್ಕೆ ತಣ್ಣನೆ ನೀರು, ಜೋರು ಹರಿವು, ತುಂಬಾ ಆಮ್ಲಜನಕ ಬೇಕು. ಬೆಟ್ಟಾಕ್ಕೆ ಬಿಸಿ ನೀರು, ನಿಂತ ನೀರು. ಒಂದೇ ಟ್ಯಾಂಕಿನಲ್ಲಿ ಇಬ್ಬರಿಗೂ ನ್ಯಾಯ ಆಗಲ್ಲ. ಕಾಡಿನ ಮೀನು ಹಿಡಿದು ತರುವುದೂ ನನಗೆ ಸರಿ ಕಾಣಲ್ಲ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಸಾಕಿ ಬೇಜಾರಾದ ಪರದೇಶದ ಮೀನನ್ನು ತೋಡಿಗೆ ಬಿಡಬೇಡಿ. ನಮ್ಮ ತೋಡೆಲ್ಲ ಹೋಗಿ ಸೇರುವುದು ಕಾವೇರಿಗೆ.

ಜುಲೈ ಮಧ್ಯದಲ್ಲಿ ಜೋರು ಗಾಳಿ ಮಳೆ. ಲೈನ್ ಮೇಲೆ ಮರ ಬಿದ್ದು 40 ಗಂಟೆ ಕರೆಂಟಿಲ್ಲ. ಇಲ್ಲಿಯವರಿಗೆ ಇದು ಸುದ್ದಿಯೇ ಅಲ್ಲ. ಇನ್ವರ್ಟರ್ ನಾಲ್ಕು ಬಲ್ಬಿಗೆ ಮಾತ್ರ, ಅದಕ್ಕೆ ಹೀಟರ್ ಕೊಟ್ಟರೆ ಅರ್ಧ ದಿನವೂ ಬರಲ್ಲ. ಥರ್ಮಾಕೋಲ್ ಇದ್ದದ್ದಕ್ಕೆ ಮೊದಲ ಆರು ಗಂಟೆಯಲ್ಲಿ ಇಳಿದದ್ದು ಎರಡೇ ಡಿಗ್ರಿ. ಮುಂದಿನ ಗಾಜಿಗೂ ಕಂಬಳಿ ಹೊದಿಸಿದೆ. ಒಂದು ಲೀಟರಿನ ಸ್ಟೀಲ್ ಬಾಟಲಿಗೆ 70 ಡಿಗ್ರಿಯ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಟ್ಯಾಂಕಿನಲ್ಲಿ ಇಳಿಬಿಟ್ಟರೆ ಒಂದು ಬಾಟಲಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಮೂರು ಗಂಟೆಗೊಮ್ಮೆ ಒಂದು. ರಾತ್ರಿ ಎರಡಕ್ಕೂ ಐದಕ್ಕೂ ಎದ್ದು ಬಾಟಲಿ ಬದಲಿಸಿದ್ದೇನೆ. ಮಗಳು ಹುಟ್ಟಿದಾಗಲೂ ಹೀಗೆ ಎದ್ದಿರಲಿಲ್ಲ ಅಂತ ಮನೆಯಾಕೆ ಈಗಲೂ ಹೇಳುತ್ತಾಳೆ. ನೀರು 23ಕ್ಕಿಂತ ಕೆಳಗೆ ಇಳಿಯಲಿಲ್ಲ.

ಆ ಎರಡು ರಾತ್ರಿ ಕತ್ತಲಲ್ಲಿ ಕೂತು ಜೊತೆಗಾರರ ವಿಚಾರವನ್ನು ಮೊದಲಿಂದ ಯೋಚಿಸಿದೆ. ನಾನು ಕೇಳುತ್ತಿದ್ದ ಪ್ರಶ್ನೆ ‘ಬೆಟ್ಟಾ ಜೊತೆ ಯಾವ ಮೀನು ಜಗಳವಾಡಲ್ಲ’ ಅಂತ. ಕೇಳಬೇಕಾಗಿದ್ದು ‘ಈ ಮನೆಯ ಬಾವಿ ನೀರಿನಲ್ಲಿ, 26 ಡಿಗ್ರಿಯಲ್ಲಿ, ಕರೆಂಟು ಹೋದರೆ 23ರಲ್ಲಿ ಯಾವುದು ಚೆನ್ನಾಗಿರುತ್ತದೆ’ ಅಂತ. ಅದಾದ ಮೇಲೆ ಜಗಳದ ಮಾತು.

ಹಾಗೆ ನೋಡಿದರೆ ಗೋಲ್ಡ್‌ಫಿಷ್ ಹೋಯಿತು. ಅದಕ್ಕೆ ತಣ್ಣನೆ ನೀರು ಬೇಕು, ಗಲೀಜೂ ಜಾಸ್ತಿ. ಗಪ್ಪಿ, ಮಾಲಿ, ಪ್ಲಾಟಿ ಗಡಸು ನೀರು ಕೇಳುವಂಥವು, ನಮ್ಮ ಬಾವಿಯಲ್ಲಿ ಕಾಲಕ್ರಮೇಣ ಸೊರಗುತ್ತವೆ. ಟೈಗರ್ ಬಾರ್ಬ್ ಅಂಗಡಿಯಲ್ಲಿ ಎಲ್ಲರೂ ಕೊಡುವ ಮೀನು, ಆದರೆ ಉದ್ದ ರೆಕ್ಕೆ ಕಂಡರೆ ಕಚ್ಚದೆ ಇರಲ್ಲ. ಇಲ್ಲಿ ಪೆಟ್ಟು ತಿನ್ನುವವನು ಮದ್ದಣ್ಣನೇ. ಗೌರಾಮಿ ಬೆಟ್ಟಾದ ದಾಯಾದಿ. ಅದೂ ಗಾಳಿ ಉಸಿರಾಡುವುದು, ಅದೂ ಮೇಲ್ಭಾಗ ನನ್ನದು ಅನ್ನುವುದು. ದಾಯಾದಿಗಳನ್ನು ಒಂದೇ ಸೂರಿನಡಿ ಇಟ್ಟರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾ?

ಉಳಿದವು ಹಾರ್ಲೆಕ್ವಿನ್ ರಸ್ಬೋರಾ, ಎಂಬರ್ ಟೆಟ್ರಾ, ಕೋರಿಡೋರಸ್, ಕೂಲಿ ಲೋಚ್. ಮೆದು ನೀರಿನವು, ಮಂಕು ಬಾಲದವು, ಬೆಟ್ಟಾ ಇರುವ ಮೇಲ್ಪದರಕ್ಕೆ ಪೈಪೋಟಿ ಮಾಡದವು. ನಾನು ಹಾರ್ಲೆಕ್ವಿನ್ ಆರಿಸಿದೆ. ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಥಾಯ್ಲೆಂಡ್ ಕಡೆಯದು, ಅಂದರೆ ಬೆಟ್ಟಾದ ನೆರೆಯವನೇ. ತಾಮ್ರದ ಬಣ್ಣದ ಮೈ, ಹಿಂಭಾಗದಲ್ಲಿ ಕೊಡಲಿಯಂಥ ಕಪ್ಪು ಮಚ್ಚೆ. ಎರಡು ಇಂಚು ಮೀರಿ ಬೆಳೆಯಲ್ಲ. ಆರಕ್ಕಿಂತ ಕಡಿಮೆ ತರಬಾರದು. ಗುಂಪು ಇದ್ದರೆ ಅವುಗಳ ಜಗಳ ಅವುಗಳ ಒಳಗೇ ಮುಗಿಯುತ್ತದೆ, ಎರಡೋ ಮೂರೋ ಇದ್ದರೆ ಹೆದರಿ ಮೂಲೆ ಸೇರುತ್ತವೆ ಅಥವಾ ಬೆಟ್ಟಾದ ರೆಕ್ಕೆಗೆ ಬಾಯಿ ಹಾಕುತ್ತವೆ.

ಎಂಟು ತಂದೆ. ಮೈಸೂರಿಂದ ಬಸ್ಸಿನಲ್ಲಿ, ಕವರನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು, ಮಡಿಲಲ್ಲಿ ಹಿಡಿದುಕೊಂಡು. ಎರಡು ವಾರ ಅದೇ 15 ಲೀಟರಿನ ಟಬ್ಬಿನಲ್ಲಿ, ಚಿಕ್ಕ 25 ವ್ಯಾಟ್ ಹೀಟರ್ ಹಾಕಿ, ಬೇರೆ ಇಟ್ಟೆ. ಒಂದು ನಾಲ್ಕನೇ ದಿನ ಸತ್ತಿತು, ಉಳಿದ ಏಳಕ್ಕೆ ಏನೂ ಆಗಲಿಲ್ಲ. ಈ ಎರಡು ವಾರ ಯಾರೂ ಇಷ್ಟಪಡಲ್ಲ. ಮಗಳಂತೂ ದಿನಾ ಕೇಳುತ್ತಿದ್ದಳು. ಆದರೆ ಹೊಸ ಮೀನಿನ ಜೊತೆ ಬಿಳಿ ಚುಕ್ಕೆ ರೋಗ ಬಂದರೆ ಟ್ಯಾಂಕಿಗೆ ಟ್ಯಾಂಕೇ ಮದ್ದು ಕುಡಿಯಬೇಕು.

ಆಗಸ್ಟ್ 3, ಕಕ್ಕಡ 18. ಮನೆಯಲ್ಲಿ ಮದ್ದು ಸೊಪ್ಪು ಬೇಯುತ್ತಿತ್ತು, ಆ ವಾಸನೆಯಲ್ಲೇ ಈ ಕೆಲಸ. ಮೊದಲು ಮದ್ದಣ್ಣನನ್ನು ಹಿಡಿದು ಇನ್ನೊಂದು ಟಬ್ಬಿಗೆ ಹಾಕಿದೆ. ಟ್ಯಾಂಕಿನ ಕಲ್ಲು, ಮರದ ಬೇರು, ಗಿಡ ಎಲ್ಲವನ್ನೂ ಜಾಗ ಬದಲಿಸಿದೆ. ಗಾಜಿನ ಮಧ್ಯಕ್ಕೆ ಎತ್ತರದ ಗಿಡ ತಂದೆ, ಈ ತುದಿಯಿಂದ ಆ ತುದಿ ಕಾಣದ ಹಾಗೆ. ಒಣಗಿದ ಕಾಡುಬಾದಾಮಿ ಎಲೆ ಎರಡು ಹಾಕಿದೆ, ನೀರು ಕಣ್ಣಳತೆಗೆ ತೆಳು ಟೀ ಆಯಿತು. ಅಮ್ಮ ಸೌಟು ಹಿಡಿದುಕೊಂಡೇ ಬಂದು ಇಣುಕಿ, “ಇದಕ್ಕೂ ಮದ್ದು ಸೊಪ್ಪು ಹಾಕಿದ್ಯಾ?” ಅಂದರು. ಆಮೇಲೆ ಏಳು ರಸ್ಬೋರಾ ಬಿಟ್ಟು, ಒಂದು ರಾತ್ರಿ ಅವುಗಳಿಗೇ ಮನೆ ಕೊಟ್ಟೆ.

ಮರುದಿನ ಮದ್ದಣ್ಣ ಬಂದದ್ದು ಬಾಟಲಿಯಲ್ಲಿ. ಎರಡು ಲೀಟರಿನ ಪಾರದರ್ಶಕ ಬಾಟಲಿಯ ಮೇಲ್ಭಾಗ ಕತ್ತರಿಸಿ, ಕಾದ ಮೊಳೆಯಿಂದ ಸುತ್ತ ತೂತು ಹೊಡೆದು, ಟ್ಯಾಂಕಿನ ಮೂಲೆಗೆ ಬಟ್ಟೆ ಕ್ಲಿಪ್‌ನಿಂದ ಕಚ್ಚಿಸಿದೆ. ಬಾಯಿ ನೀರಿನ ಮೇಲೆ ಇರಲೇಬೇಕು, ಗಾಳಿ ನುಂಗಲು. ಒಳಗಿನಿಂದ ನೋಡಿದ, ಎರಡು ಸಲ ಗಡ್ಡ ಬಿಟ್ಟ, ಮೂರನೆಯ ಸಲ ಅರ್ಧಕ್ಕೇ ನಿಲ್ಲಿಸಿದ. ರಸ್ಬೋರಾಗಳು ಬಾಟಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೋದವು. ಎರಡು ಗಂಟೆ ಬಿಟ್ಟು ಬಾಟಲಿ ಓರೆ ಮಾಡಿದೆ. ಅವನು ಹೊರಬಂದವನು ಮೊದಲು ಮಾಡಿದ್ದು ತನ್ನ ಹಳೆಯ ನೊರೆಗೂಡಿನ ಮೂಲೆ ಹುಡುಕಿದ್ದು. ಅಲ್ಲಿ ಈಗ ಕಲ್ಲು ಇತ್ತು. ಮನೆಯೇ ಅದಲುಬದಲಾದವನಿಗೆ ಯಾರನ್ನು ಓಡಿಸುವುದು ಅಂತ ತಿಳಿಯಲಿಲ್ಲ.

ಮೊದಲ ಮೂರು ದಿನ ಊಟದ ಹೊತ್ತಿನಲ್ಲಿ ಒಂದೆರಡು ಸಲ ನುಗ್ಗಿದ್ದು ಬಿಟ್ಟರೆ ಏನಿಲ್ಲ. ರಸ್ಬೋರಾ ಅವನಿಗಿಂತ ಚುರುಕು, ಹಿಡಿಯಲಾಗಲ್ಲ ಅಂತ ಗೊತ್ತಾದ ಮೇಲೆ ಬಿಟ್ಟ. ಗುಂಪು ಮಧ್ಯದಲ್ಲಿ, ಅವನು ಮೇಲೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗಾಜಿಗೆ ಪಾಚಿ ಬಂತು. ಆಗಸ್ಟ್ ಕೊನೆಗೆ ಹತ್ತು ಕೆಂಪು ಚೆರ್ರಿ ಸೀಗಡಿ, ಎರಡು ನೆರೈಟ್ ಬಸವನಹುಳು ತಂದೆ. ಸೀಗಡಿಯನ್ನು ಬೆಟ್ಟಾ ತಿನ್ನಬಹುದು ಅಂತ ಗೊತ್ತಿತ್ತು, ಅದಕ್ಕೇ ಪಾಚಿಗಿಡದ ಪೊದೆ ದಟ್ಟವಾಗಿ ಹಾಕಿದ್ದೆ. ಮೊದಲ ದಿನವೇ ಒಂದು ಕಾಣೆಯಾಯಿತು. ಐದನೇ ದಿನ ನೀರು ಬದಲಿಸಿದೆ, 12 ಲೀಟರ್. ಆರನೇ ದಿನ ಬೆಳಿಗ್ಗೆ ಆರು ಸೀಗಡಿ ಮರಳಿನ ಮೇಲೆ ಅಡ್ಡಬಿದ್ದಿದ್ದವು. ಬಸವನಹುಳು ಎರಡೂ ಬಾಗಿಲು ಮುಚ್ಚಿಕೊಂಡು ಮಗುಚಿ ಬಿದ್ದಿದ್ದವು.

ಮನೆಯವರೆಲ್ಲ ಮದ್ದಣ್ಣನ ಮೇಲೆ ಹೊರಿಸಿದರು. ನಾನೂ ಒಂದು ಗಂಟೆ ನಂಬಿದೆ. ಆಮೇಲೆ ಸತ್ತದ್ದನ್ನು ಎತ್ತಿ ಬಿಳಿ ತಟ್ಟೆಯಲ್ಲಿಟ್ಟು ನೋಡಿದರೆ, ಎಲ್ಲವೂ ಇಡಿಯಾಗಿವೆ. ಮೀಸೆ, ಕಾಲು, ಕಣ್ಣು ಎಲ್ಲ ಸರಿಯಾಗಿದೆ. ಮೈ ಮಾತ್ರ ಬೆಂದ ಹಾಗೆ ಬಿಳಿಚಿದೆ. ಬೆಟ್ಟಾ ಕೊಂದಿದ್ದರೆ ಇಡೀ ಉಳಿಸುತ್ತಾನಾ? ಮೀನುಗಳಿಗೆ ಏನೂ ಆಗಿಲ್ಲ, ಸೀಗಡಿ ಮತ್ತು ಹುಳಕ್ಕೆ ಮಾತ್ರ ಆಗಿದೆ. ಅಂದರೆ ತಾಮ್ರ. ಮೀನು ತಡೆದುಕೊಳ್ಳುವಷ್ಟು ತಾಮ್ರ ಸೀಗಡಿಗೆ ವಿಷ, ಅದೂ ಮೆದು ನೀರಿನಲ್ಲಿ ವಿಷ ಇನ್ನೂ ಜೋರು.

ಕಾಫಿ ತೋಟದ ಮನೆಯಲ್ಲಿ ತಾಮ್ರ ಎಲ್ಲಿಂದ ಬಂತು ಅಂತ ಹುಡುಕುವುದು ಕಷ್ಟವಾ? ಹಿಂದಿನ ವಾರ ಮಳೆ ಬಿಡುವು ಕೊಟ್ಟಾಗ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆದಿದ್ದೆವು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಟ್ಯಾಂಕಿಗೆ ನೀರು ಹಾಕುತ್ತಿದ್ದ ಬಕೆಟ್ ತಂದು ಬೆಳಕಿಗೆ ಹಿಡಿದೆ. ಅಂಚಿನ ಮಡಿಕೆಯ ಒಳಗೆ, ಬೆರಳು ಹೋಗದ ಜಾಗದಲ್ಲಿ, ತೆಳು ನೀಲಿ ಗೆರೆ. ತೊಳೆದೇ ಇಟ್ಟಿದ್ದರು, ಅಂಚಿಗೆ ಕೈ ಹೋಗಿರಲಿಲ್ಲ.

ಸಿಕ್ಕಿತು ಅಂದುಕೊಂಡೆ. ಬಕೆಟ್ ಎಸೆದು ಹೊಸದು ತಂದೆ. ಮೂರು ದಿನ ಸತತ ಅರ್ಧರ್ಧ ನೀರು ಬದಲಿಸಿದೆ, ಭಾರ ಲೋಹ ಹಿಡಿಯುವ ದ್ರಾವಣ ಹಾಕಿದೆ, ಫಿಲ್ಟರ್ ಹತ್ತಿರ ಆಕ್ಟಿವೇಟೆಡ್ ಕಾರ್ಬನ್ ಚೀಲ ಕಟ್ಟಿದೆ. ಒಂದು ಬಸವನಹುಳು ಎದ್ದು ನಡೆಯಿತು, ಇನ್ನೊಂದು ಏಳಲೇ ಇಲ್ಲ. ಉಳಿದ ಮೂರು ಸೀಗಡಿ ವಾರವಿಡೀ ಮಂಕಾಗಿಯೇ ಇದ್ದವು, ಕೊನೆಗೆ ಅವೂ ಹೋದವು. ನಡುವೆ ಕೈಲ್‌ಪೊಳ್ದ್ ಹಬ್ಬ ಬಂದು ಹೋಯಿತು, ಟ್ಯಾಂಕಿನ ಕಡೆ ಜಾಸ್ತಿ ಗಮನ ಕೊಡಲಾಗಲಿಲ್ಲ.

ಬಕೆಟ್ ಹೊಸದು, ಆದರೂ ಯಾಕೆ? ಕೊನೆಗೆ ತಾಮ್ರ ಅಳೆಯುವ ಟೆಸ್ಟ್ ಕಿಟ್ ತರಿಸಿದೆ. ಬಾವಿ ನೀರು: ಬಣ್ಣವೇ ಬರಲಿಲ್ಲ. ಹೊಸ ಬಕೆಟ್: ಇಲ್ಲ. ಆಗ ಬಚ್ಚಲಿಂದ ಉಗಿ ಬರುವುದು ಕಂಡಿತು.

ಹಂಡೆ. ನಮ್ಮದು ಅಜ್ಜಿ ಕಾಲದ ತಾಮ್ರದ ಹಂಡೆ. ಬಾವಿ ನೀರು 19 ಡಿಗ್ರಿ ಇರುತ್ತಿದ್ದರಿಂದ ಪ್ರತಿ ಸಲ ಟ್ಯಾಂಕಿನ ನೀರು ಬದಲಿಸುವಾಗ ಮೂರು ಲೀಟರ್ ಹಂಡೆ ನೀರು ಬೆರೆಸಿ 26ಕ್ಕೆ ತರುತ್ತಿದ್ದೆ. ಅರ್ಧರ್ಧ ಬದಲಿಸಿದ ಆ ಮೂರು ದಿನ ಇನ್ನೂ ಜಾಸ್ತಿ ಬೆರೆಸಿದ್ದೆ. ಮದ್ದು ಅಂತ ಹಾಕಿದ್ದೇ ವಿಷ. ರಾತ್ರಿ ಇಡೀ ನಿಂತ ಹಂಡೆ ನೀರನ್ನು ಟೆಸ್ಟ್ ಮಾಡಿದರೆ ಲೀಟರಿಗೆ 1 ಮಿಲಿಗ್ರಾಂ. ನಮಗೆ ಸ್ನಾನಕ್ಕೆ ಅದರಿಂದ ಏನೂ ಇಲ್ಲ. ಹುಳಿ ಕಡೆಗಿರುವ ಮೆದು ನೀರು ಬಿಸಿಯಾಗಿ ತಾಮ್ರದಲ್ಲಿ ನಿಂತರೆ ಸ್ವಲ್ಪ ಸ್ವಲ್ಪವಾಗಿ ಅದನ್ನು ಕರಗಿಸಿಕೊಳ್ಳುತ್ತದೆ. ಗಡಸು ನೀರಿನ ಊರಲ್ಲಾದರೆ ಒಳಗೆ ಬಿಳಿ ಪದರ ಕಟ್ಟಿ ತಾಮ್ರವನ್ನು ಮುಚ್ಚಿರುತ್ತಿತ್ತು. ನಮ್ಮ ಹಂಡೆಯ ಒಳಗೆ ಟಾರ್ಚ್ ಬಿಟ್ಟು ನೋಡಿ, ಹೊಸ ಕಾಸಿನ ಹಾಗೆ ಹೊಳೆಯುತ್ತದೆ. ಅಮ್ಮನಿಗೆ ಅದೇ ಹೆಮ್ಮೆ.

ಈಗ ಟ್ಯಾಂಕಿನ ನೀರು ಕಾಯುವುದು ಗ್ಯಾಸ್ ಮೇಲೆ ಸ್ಟೀಲ್ ಪಾತ್ರೆಯಲ್ಲಿ. ಸೀಗಡಿಯನ್ನು ಮತ್ತೆ ತರಲಿಲ್ಲ. ಟ್ಯಾಂಕಿನ ಮರಳಿನಲ್ಲಿ, ಬೇರಿನಲ್ಲಿ ತಾಮ್ರ ಎಷ್ಟು ಕೂತಿದೆಯೋ, ಅದನ್ನು ಪರೀಕ್ಷೆ ಮಾಡಲು ಇನ್ನಷ್ಟು ಜೀವ ಯಾಕೆ. ಉಳಿದ ಒಂದು ಬಸವನಹುಳದ ಚಿಪ್ಪಿನ ತುದಿ ಸುಣ್ಣ ಉದುರಿದ ಗೋಡೆಯ ಹಾಗಾಗಿತ್ತು, ಮೆದು ನೀರು ಅದರ ಚಿಪ್ಪನ್ನೇ ತಿನ್ನುತ್ತಿತ್ತು. ಮಂಗಳೂರಿನಿಂದ ತಂದ ಕಪ್ಪೆಚಿಪ್ಪನ್ನು ಚೆನ್ನಾಗಿ ಕುದಿಸಿ, ಪುಡಿ ಮಾಡಿ, ಹಳೆಯ ಕಾಲುಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಟ್ಟೆ. ಒಂದು ಹಿಡಿ ಸಾಕು. ಪಿಎಚ್ 6.4ರಿಂದ 6.9ಕ್ಕೆ ನಿಧಾನವಾಗಿ ಬಂದು ನಿಂತಿತು. ರಸ್ಬೋರಾಗಳಿಗೂ ಅದು ಸರಿಯೇ.

ಸೆಪ್ಟೆಂಬರ್ ಕೊನೆಗೆ ಐದು ಕೂಲಿ ಲೋಚ್ ಬಂದವು, ಈ ಸಲ ಮೂರು ವಾರ ಟಬ್ಬು. ಹಳದಿ ಮೈಗೆ ಕಂದು ಪಟ್ಟೆ, ಪೆನ್ಸಿಲ್‌ಗಿಂತ ಸಪೂರ, ಮೂರ್ನಾಲ್ಕು ಇಂಚು ಉದ್ದ. ಅಮ್ಮ ಟಬ್ಬು ನೋಡಿ ಕಿರುಚಿದರು, ಹಾವಿನ ಮರಿ ಅಂತ. ಇವಕ್ಕೆ ಜಲ್ಲಿ ಆಗಲ್ಲ, ಸಣ್ಣ ಮರಳು ಬೇಕು, ಮೂಗು ತೂರಿಸಿ ಹುಡುಕಲು. ಹಗಲು ಕಾಣಿಸಲ್ಲ. ಮದ್ದಣ್ಣ ಮೇಲೆ, ರಸ್ಬೋರಾ ನಡುವೆ, ಇವು ತಳದಲ್ಲಿ, ಅದೂ ಬೇರೆ ಪಾಳಿಯಲ್ಲಿ. 48 ಲೀಟರಿಗೆ ಇಷ್ಟೇ ಸಾಕು, ಇನ್ನೊಂದು ಬಾಲವೂ ಬೇಡ.

ಒಂದೇ ತೊಂದರೆ ಊಟದ್ದು. ಕೂಲಿಗಳಿಗೆ ಅಂತ ಹಾಕಿದ ಮುಳುಗುವ ಉಂಡೆಯನ್ನು ಮದ್ದಣ್ಣ ತಳಕ್ಕೇ ಇಳಿದು ತಿಂದ. ಮರುದಿನ ಹೊಟ್ಟೆ ಕಡಂಬುಟ್ಟು, ನಮ್ಮ ಕಡೆಯ ಅಕ್ಕಿ ಉಂಡೆಯ ಹಾಗೆ ಗುಂಡಗೆ. ಒಂದೂವರೆ ದಿನ ಉಪವಾಸ ಹಾಕಿದ ಮೇಲೆ ಇಳಿಯಿತು. ಈಗ ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು, ಅವನು ಮಲಗಿದ ಮೇಲೆ, ಎದುರಿನ ಮೂಲೆಯಲ್ಲಿ ಉಂಡೆ ಹಾಕುತ್ತೇನೆ. ಅವನು ಮಲಗುವುದು ಅನೂಬಿಯಾಸ್ ಎಲೆಯ ಮೇಲೆ, ನೀರಿನ ಮಟ್ಟಕ್ಕೆ ಎರಡು ಬೆರಳು ಕೆಳಗೆ, ಒಂದು ಪಕ್ಕಕ್ಕೆ ವಾಲಿ. ಮೊದಲ ಸಲ ನೋಡಿದಾಗ ಸತ್ತೇಹೋದ ಅಂದುಕೊಂಡು ಗಾಜು ತಟ್ಟಿದ್ದೆ.

ನಿನ್ನೆ ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಮಗಳೂ ನಾನೂ ನೋಡಿದೆವು. ಕೂಲಿಗಳು ಒಂದರ ಮೇಲೊಂದು ಹೊರಳಿಕೊಂಡು ಉಂಡೆಯ ಸುತ್ತ ಸೇರಿದ್ದವು. ಬಸವನಹುಳು ಗಾಜಿಗೆ ಅಂಟಿಕೊಂಡಿತ್ತು, ಚಿಪ್ಪಿನ ಬಾಯಿಯ ಹತ್ತಿರ ಒಂದು ಗೆರೆಯಷ್ಟು ಹೊಸ ಚಿಪ್ಪು, ಕಪ್ಪಗೆ ನುಣ್ಣಗೆ. ಒಂದು ಕೂಲಿ ಮೇಲೆ ಬಂದು ಎಲೆಯ ಅಡಿ ನುಸುಳಿ, ಮದ್ದಣ್ಣನ ಹೊಟ್ಟೆಗೆ ತಾಗಿಯೇ ಹೋಯಿತು. ಅವನು ಒಂದು ಕಣ್ಣು ಆ ಕಡೆ ತಿರುಗಿಸಿದ, ಅಷ್ಟೇ.

ನಾಳೆ ಭಾನುವಾರ, ನೀರು ಬದಲಿಸಬೇಕು. ಸ್ಟೀಲ್ ಪಾತ್ರೆ ಒಲೆ ಪಕ್ಕ ಇಟ್ಟಾಗಿದೆ. ಹೊಸ ಬಕೆಟ್ ಮೇಲೆ ಮಗಳು ಮಾರ್ಕರ್‌ನಲ್ಲಿ ದೊಡ್ಡದಾಗಿ ‘ಮದ್ದಣ್ಣನದು, ಮುಟ್ಟಬೇಡಿ’ ಅಂತ ಬರೆದಿದ್ದಾಳೆ. ಹಂಡೆಯ ಮೇಲೂ ಬರೆಯಲು ಹೋದಳು, ಅಮ್ಮ ಬಿಡಲಿಲ್ಲ.